ಸಾಂಬ್ರಾದ ಥಂಡಿ ಬೆಳಗು: ಸಣ್ಣ ವಿಮಾನ ಏರುವ ಮುನ್ನ

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಚಳಿಗೆ ರನ್‌ವೇ ಮೇಲೆ ಹಿಮ ಕೂರುವುದಿಲ್ಲ. ಇಲ್ಲಿ ಕಾಟ ಕೊಡುವುದು ನೀರು. ಗಾಳಿಯಲ್ಲಿ ಮಂಜಾಗಿ, ರೆಕ್ಕೆ ಮೇಲೆ ಇಬ್ಬನಿಯಾಗಿ, ಟ್ಯಾಂಕಿನೊಳಗೆ ಹನಿಯಾಗಿ ಬರುತ್ತದೆ.

ಹಾಗಾಗಿ ಕೆಲಸ ಹಿಂದಿನ ಸಂಜೆಯೇ ಶುರು. ಹಾರಾಟ ಮುಗಿದ ಕೂಡಲೇ ಟ್ಯಾಂಕ್ ತುಂಬಿಸಿಡಿ. ಅರ್ಧ ಖಾಲಿ ಬಿಟ್ಟರೆ ಒಳಗಿನ ಗಾಳಿಯ ತೇವ ರಾತ್ರಿ ತಣಿದು, ಗೋಡೆಗೆ ಹನಿಗಟ್ಟಿ ಪೆಟ್ರೋಲಿಗೆ ಇಳಿಯುತ್ತದೆ. ಮರುದಿನ ನಾಲ್ವರು ಹತ್ತುವುದಿದ್ದರೆ ಮಾತ್ರ ಮೊದಲು ತೂಕದ ಲೆಕ್ಕ ಹಾಕಿ: ಲೀಟರಿಗೆ ಸುಮಾರು 0.72 ಕೆ.ಜಿ.ಯಂತೆ 200 ಲೀಟರಿಗೆ 144 ಕೆ.ಜಿ.

ಬೆಳಿಗ್ಗೆ ನೋಟಾಮ್ (ಪೈಲಟ್‌ಗಳಿಗೆ ಹೊರಡಿಸುವ ಸೂಚನೆ) ನೋಡಿ, ನಂತರ ಮೆಟಾರ್ (ನಿಲ್ದಾಣದ ಹವಾಮಾನ ವರದಿ) ಓದಿ. ಅದರಲ್ಲಿ 14/13 ಎಂದಿದ್ದರೆ ಉಷ್ಣಾಂಶ 14, ಇಬ್ಬನಿ ಬಿಂದು, ಅಂದರೆ ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣಾಂಶ, 13 ಡಿಗ್ರಿ. ಈ ಅಂತರ ಎರಡು ಡಿಗ್ರಿಯೊಳಗಿದ್ದು, ಆಕಾಶ ತಿಳಿಯಾಗಿ, ಗಾಳಿ ನಿಂತಿದ್ದರೆ ಮಂಜು ಕಟ್ಟುವ ಲಕ್ಷಣ. ಸೂರ್ಯ ಹುಟ್ಟಿದ ಮೇಲೆ ಅದು ಕರಗುವ ಮುನ್ನ ಒಮ್ಮೊಮ್ಮೆ ಇನ್ನಷ್ಟು ದಟ್ಟವಾಗುತ್ತದೆ, ಅವಸರ ಬೇಡ. ಕಬ್ಬಿನ ರವದಿ ಸುಡುವ ದಿನಗಳಲ್ಲಿ ಹೊಗೆಯೂ ಸೇರುತ್ತದೆ. ಹೊರಗೆ ಕಣ್ಣಿಟ್ಟು ನಡೆಸುವ ಹಾರಾಟಕ್ಕೆ (ವಿಎಫ್‌ಆರ್) ಕನಿಷ್ಠ 5 ಕಿ.ಮೀ. ಗೋಚರತೆ ಬೇಕು. ಬದಲಿ ನಿಲ್ದಾಣ ಹುಬ್ಬಳ್ಳಿ ಎಂದು ಬರೆದರೆ ಸಾಲದು, ಅಲ್ಲಿಯೂ ಅದೇ ರಾತ್ರಿಯ ಥಂಡಿ ಇರುತ್ತದೆ. ಅಲ್ಲಿಯ ಮೆಟಾರನ್ನೂ ಓದಿ. ಅಲ್ಲಿಯವರೆಗೆ ಬೇಕಾದ ಇಂಧನದ ಮೇಲೆ ಹಗಲಿನಲ್ಲಿ 30 ನಿಮಿಷದ ಇಂಧನ ಉಳಿತಾಯವಿರಲಿ.

ಈಗ ಟ್ಯಾಂಕ್. ನೀರು ಸೇರಿದೆಯೇ ಎಂದು ಸ್ವಲ್ಪ ಇಂಧನವನ್ನು ಲೋಟಕ್ಕೆ ಬಸಿದು ನೋಡಬೇಕು. ನಾಲ್ಕು ಆಸನದ ಸೆಸ್ನಾ 172ಎಸ್ ವಿಮಾನದಲ್ಲಿ ಇಂಧನ ಬಸಿಯುವ 13 ಜಾಗಗಳಿವೆ, ಒಂದನ್ನೂ ಬಿಡಬೇಡಿ. 100 ಎಲ್‌ಎಲ್ ಎಂಬ ವಿಮಾನದ ಪೆಟ್ರೋಲ್ ತಿಳಿನೀಲಿ. ನೀರು ಭಾರವಾದ್ದರಿಂದ ಲೋಟದ ತಳದಲ್ಲಿ ಗೆರೆ ಎಳೆದಂತೆ ನಿಲ್ಲುತ್ತದೆ. ಮೋಸ ಹೋಗುವುದು ಲೋಟದ ತುಂಬ ಬರೀ ನೀರೇ ಬಂದಾಗ. ಗೆರೆಯೇ ಕಾಣುವುದಿಲ್ಲ, ‘ಸ್ವಚ್ಛವಾಗಿದೆ’ ಎನಿಸುತ್ತದೆ. ಬಿಳಿ ಕಾಗದ ಹಿಡಿದು ಬಣ್ಣ ನೋಡಿ, ವಾಸನೆಯನ್ನೂ ನೋಡಿ.

ರೆಕ್ಕೆ, ಮುಂಗಾಜು ಒರೆಸಿ. ಹೊರಗಿನ ಗಾಳಿಯ ಒತ್ತಡ ಅಳೆಯುವ ಸ್ಟ್ಯಾಟಿಕ್ ಪೋರ್ಟಿನ ತೂತಿನ ಮೇಲೆ ಹನಿ ನಿಂತಿದ್ದರೆ ಎತ್ತರ, ವೇಗದ ಸೂಚಿ ಎರಡೂ ಸುಳ್ಳು ಹೇಳಬಹುದು.

ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಭಾಗ) ಇರುವ ಹಳೆಯ ಸೆಸ್ನಾ 152, 172ಗಳಲ್ಲಿ ಇನ್ನೊಂದು ಗುಟ್ಟಿನ ಅಪಾಯ: ಹೊರಗೆ 15–20 ಡಿಗ್ರಿ ಇದ್ದರೂ ಒಳಗೆ ಮಂಜುಗಡ್ಡೆ ಕಟ್ಟುತ್ತದೆ. ಪೆಟ್ರೋಲ್ ಆವಿಯಾಗುವುದು, ಗಾಳಿ ಇಕ್ಕಟ್ಟಿನಲ್ಲಿ ಹಿಗ್ಗುವುದು ಸೇರಿ ಉಷ್ಣಾಂಶ 20 ಡಿಗ್ರಿಗೂ ಹೆಚ್ಚು ಇಳಿಯಬಲ್ಲದು. ರನ್-ಅಪ್‌ನಲ್ಲಿ (ಟೇಕಾಫ್ ಮುಂಚಿನ ಎಂಜಿನ್ ಪರೀಕ್ಷೆ) ಕಾರ್ಬ್ಯುರೇಟರ್‌ಗೆ ಬಿಸಿಗಾಳಿ ಬಿಡುವ ಕಾರ್ಬ್ ಹೀಟ್ ಎಳೆದಾಗ ಆರ್‌ಪಿಎಂ ತುಸು ಇಳಿಯಬೇಕು. ವಾಪಸ್ ಒತ್ತಿದಾಗ ಮೊದಲಿಗಿಂತ ಮೇಲೇರಿದರೆ, ಅಷ್ಟು ಹೊತ್ತು ಗಡ್ಡೆ ಇತ್ತು ಎಂದರ್ಥ. ಹಾಗಿದ್ದರೆ ಟೇಕಾಫ್‌ಗೆ ತುಸು ಮುನ್ನ ಇನ್ನೊಮ್ಮೆ ನೋಡಿ.

ಅಕಾಲಿಕ ಮಳೆ ಬಿದ್ದಿದ್ದರೆ ರನ್‌ವೇಯಲ್ಲಿ ನೀರು ನಿಂತಿದೆಯೇ ಎಂದು ಟವರನ್ನು ಕೇಳಿ. ಪಿಎಸ್‌ಐ ಲೆಕ್ಕದ ಟೈರ್ ಒತ್ತಡದ ವರ್ಗಮೂಲವನ್ನು 9ರಿಂದ ಗುಣಿಸಿದರೆ ಟೈರ್ ನೀರಿನ ಮೇಲೆ ತೇಲತೊಡಗುವ ವೇಗ ಸಿಗುತ್ತದೆ: 28 ಪಿಎಸ್‌ಐಗೆ ಸುಮಾರು 48 ನಾಟ್ (ತಾಸಿಗೆ ಸುಮಾರು 89 ಕಿ.ಮೀ.). ಅದಕ್ಕಿಂತ ಮೇಲೆ ಬ್ರೇಕ್ ಒತ್ತಿ ಫಲವಿಲ್ಲ. ಹಿಮ ಬೀಳುವ ಶ್ರೀನಗರದ ಕಡೆ ಹೋಗುವವರು 0ಯಿಂದ 6ರವರೆಗಿನ ರನ್‌ವೇ ಸ್ಥಿತಿ ಸಂಕೇತ ಓದಲು ಕಲಿತಿರಬೇಕು; 6 ಒಣ ರನ್‌ವೇ, 0 ಒದ್ದೆ ಮಂಜುಗಡ್ಡೆ.

ವಾಪಸಾಗುವ ಹೊತ್ತನ್ನೂ ಈಗಲೇ ಬರೆದಿಡಿ. ಸಾಂಬ್ರಾದ ಪಶ್ಚಿಮಮುಖಿ 26ನೇ ರನ್‌ವೇಗೆ ಸಂಜೆ ಇಳಿಯುವಾಗ ಚಳಿಗಾಲದ ಸೂರ್ಯ ಹೆಚ್ಚುಕಡಿಮೆ ಎದುರಿಗೇ ಇರುತ್ತಾನೆ. ಸೂರ್ಯಾಸ್ತಕ್ಕೆ ಒಂದು ತಾಸು ಮೊದಲೇ ಚಕ್ರ ನೆಲ ಮುಟ್ಟುವಂತೆ ನೋಡಿಕೊಳ್ಳಿ.