ಕಾನ್ವೆಂಟ್ ಡೈರಿಗೆ ಸಹಿ ಹಾಕುವ ಮುನ್ನ

ಶಾಲೆ ಶುರುವಾದ ಮೊದಲ ವಾರ ಮಗುವಿನ ಚೀಲದಿಂದ ಹೊರಬೀಳುವ ಪುಸ್ತಕಗಳಲ್ಲಿ ಪಾಲಕರು ಓದದೆಯೇ ಸಹಿ ಹಾಕುವುದು ಒಂದಕ್ಕೆ ಮಾತ್ರ. ಅದು ಶಾಲೆಯ ಡೈರಿ. ‘ಮೇಲಿನ ನಿಯಮಗಳನ್ನು ಓದಿ ಒಪ್ಪಿದ್ದೇವೆ’ ಎಂಬ ಸಾಲಿನ ಕೆಳಗೆ ತಂದೆ ಒಂದು ಗೀಟು, ತಾಯಿ ಒಂದು ಗೀಟು ಎಳೆದರೆ ಆ ವರ್ಷದ ಮಟ್ಟಿಗೆ ಆ ಪುಟದ ಕೆಲಸ ಮುಗಿಯಿತು ಎಂದುಕೊಳ್ಳುತ್ತೇವೆ. ಮಾರ್ಚಿಯಲ್ಲಿ ಹಾಜರಾತಿ ಕಡಿಮೆಯಾಯಿತೆಂದು ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಕರೆಸಿದಾಗ ಅದೇ ಪುಟ ಮೇಜಿನ ಮೇಲೆ ತೆರೆದುಕೊಳ್ಳುತ್ತದೆ. ಆಗ ವಾದಕ್ಕೆ ದಾರಿ ಇರುವುದಿಲ್ಲ.

ಕಾರವಾರ ಧರ್ಮಪ್ರಾಂತ, ಅಂದರೆ ಒಬ್ಬ ಬಿಷಪರ ಆಡಳಿತಕ್ಕೆ ಸೇರಿದ ಪ್ರದೇಶ, ಬೆಳಗಾವಿಯಿಂದ ಬೇರೆಯಾಗಿದ್ದು 1976ರಲ್ಲಿ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಥೋಲಿಕ್ ಶಾಲೆಗಳನ್ನು ಕೆಲವು ಕಡೆ ಧರ್ಮಪ್ರಾಂತವೇ ನಡೆಸುತ್ತದೆ, ಕೆಲವು ಕಡೆ ಧರ್ಮಭಗಿನಿಯರ ಸಂಸ್ಥೆಗಳು. ಜನರ ಬಾಯಲ್ಲಿ ಎಲ್ಲವೂ ಕಾನ್ವೆಂಟೇ. ಅಲ್ಲಿ ಓದುವ ಮಕ್ಕಳಲ್ಲಿ ಕಥೋಲಿಕರಿಗಿಂತ ಉಳಿದವರೇ ಹೆಚ್ಚಿರುವುದು ಸಾಮಾನ್ಯ. ಆದ್ದರಿಂದ ಇಂಥ ಶಾಲೆ ಮನೆಯವರಿಂದ ಏನು ನಿರೀಕ್ಷಿಸುತ್ತದೆ, ಮನೆಯವರು ಶಾಲೆಯನ್ನು ಏನು ಕೇಳಬಹುದು ಎಂಬುದನ್ನು ಪ್ರವೇಶದಿಂದ ವರ್ಗಾವಣೆಯವರೆಗೆ ಒಂದೊಂದಾಗಿ ನೋಡೋಣ.

ಮೊದಲ ಹೆಜ್ಜೆ: ಯಾವ ಶಾಲೆಗೆ ಸೇರಿಸುತ್ತಿದ್ದೀರಿ ಎಂದು ತಿಳಿದುಕೊಳ್ಳಿ

ಒಂದೇ ಕಾಂಪೌಂಡಿನೊಳಗೆ ಎರಡು ಶಾಲೆಗಳಿರುವುದುಂಟು: ಹಳೆಯ ಹಂಚಿನ ಕಟ್ಟಡದಲ್ಲಿ ಅನುದಾನಿತ ಕನ್ನಡ ಮಾಧ್ಯಮ, ಪಕ್ಕದ ಹೊಸ ಕಟ್ಟಡದಲ್ಲಿ ಅನುದಾನರಹಿತ ಇಂಗ್ಲಿಷ್ ಮಾಧ್ಯಮ. ಸಿಸ್ಟರ್ ಒಬ್ಬರೇ, ಗೇಟೂ ಒಂದೇ, ನಿಯಮ ಬೇರೆ ಬೇರೆ. ಅನುದಾನಿತ ಶಾಲೆಯಲ್ಲಿ ಬಿಸಿಯೂಟ ಉಂಟು. ಸಂವಿಧಾನದ 29(2)ನೇ ವಿಧಿಯಂತೆ ಜಾತಿ, ಧರ್ಮ, ಭಾಷೆಯ ಕಾರಣಕ್ಕಷ್ಟೇ ಅಲ್ಲಿ ಪ್ರವೇಶ ನಿರಾಕರಿಸುವಂತಿಲ್ಲ. ಅನುದಾನರಹಿತ ವಿಭಾಗದಲ್ಲಿ ಶುಲ್ಕ ಹೆಚ್ಚು, ಕಥೋಲಿಕ್ ಮಕ್ಕಳಿಗೆ ಮತ್ತು ಅಲ್ಲೇ ಓದುತ್ತಿರುವವರ ತಮ್ಮ-ತಂಗಿಯರಿಗೆ ಮೊದಲ ಆದ್ಯತೆ ಸಿಗುವುದು ವಾಡಿಕೆ.

ಆರ್‌ಟಿಇ ಸೀಟಿಗಾಗಿ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯಡಿ ಸಿಗುವ ಉಚಿತ ಸೀಟಿಗಾಗಿ, ಕಾನ್ವೆಂಟಿನ ಬಾಗಿಲಿಗೆ ಅಲೆಯುವವರು ಈಗಲೂ ಇದ್ದಾರೆ. ಆ ಅಲೆದಾಟ ಬೇಡ. ಅಲ್ಪಸಂಖ್ಯಾತರು ತಮ್ಮ ಶಾಲೆಗಳನ್ನು ತಾವೇ ನಡೆಸುವ ಹಕ್ಕನ್ನು ಕೊಡುವ 30(1)ನೇ ವಿಧಿಯನ್ನು ಎತ್ತಿಹಿಡಿದು, ಶಿಕ್ಷಣ ಹಕ್ಕು ಕಾಯ್ದೆ ಈ ಶಾಲೆಗಳಿಗೆ ಅನ್ವಯವಾಗದು ಎಂದು ಸುಪ್ರೀಂ ಕೋರ್ಟ್ 2014ರ ಮೇ 6ರಂದು ತೀರ್ಪು ನೀಡಿತು. ಆ ತೀರ್ಪು ಸರಿಯೇ ಎಂಬ ಪ್ರಶ್ನೆಯನ್ನು 2025ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠ ದೊಡ್ಡ ಪೀಠಕ್ಕಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿದೆ.

ಮಾಧ್ಯಮ ಯಾವುದೇ ಇರಲಿ, ಕನ್ನಡ ತಪ್ಪಿಸಿಕೊಳ್ಳಲಾಗದು. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದಂತೆ ಅದು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಇರಲೇಬೇಕು. ಕದಂಬ ನೌಕಾನೆಲೆಗೆ ವರ್ಗವಾಗಿ ಬರುವ ಹೊರರಾಜ್ಯದವರಿಗೆ ಮೊದಲ ತಿಂಗಳು ಇದೇ ದೊಡ್ಡ ಚಿಂತೆ. ಮನೆಯಲ್ಲಿ ಕೊಂಕಣಿಯನ್ನೋ ಮರಾಠಿಯನ್ನೋ ಆಡುವ ಕಾರವಾರದ ಮಕ್ಕಳಿಗೂ ಕನ್ನಡ ಕಾಗುಣಿತ ಸುಲಭದ್ದೇನಲ್ಲ ಎನ್ನುವುದು ಅವರಿಗೆ ಆಮೇಲೆ ಗೊತ್ತಾಗಿ ಸಮಾಧಾನವಾಗುತ್ತದೆ.

ಎರಡನೆಯದು: ಕಾಗದಪತ್ರ, ಅದರಲ್ಲೂ ಹೆಸರು

ಜನನ ಪ್ರಮಾಣಪತ್ರ, ಆಧಾರ್, ಭಾವಚಿತ್ರ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕಾಗುತ್ತವೆ. ಕಥೋಲಿಕರಾದರೆ ಜ್ಞಾನಸ್ನಾನದ (ಬ್ಯಾಪ್ಟಿಸಂ) ಪ್ರಮಾಣಪತ್ರವನ್ನೂ ಕೇಳುವುದುಂಟು. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು. 2025-26ರಲ್ಲಿ ಐದು ವರ್ಷ ಐದು ತಿಂಗಳಿಗೆ ಕೊಟ್ಟ ಸಡಿಲಿಕೆ ಆ ವರ್ಷಕ್ಕಷ್ಟೇ ಎಂದು ಸರ್ಕಾರ ಆಗಲೇ ಹೇಳಿತ್ತು.

ಎಲ್ಲಕ್ಕಿಂತ ಮುಖ್ಯವಾದುದು ಹೆಸರು. ನಮ್ಮ ಜಿಲ್ಲೆಯಲ್ಲಿ ನಾಯ್ಕರೂ ಇದ್ದಾರೆ, ನಾಯಕರೂ ಇದ್ದಾರೆ; ಗಾಂವಕರ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯಲು ಊರಿಗೊಂದು ಕ್ರಮ. ಚರ್ಚಿನ ದಾಖಲೆಯಲ್ಲಿ ಮೂರು ಪದದ ಹೆಸರಿದ್ದು ಆಧಾರಿನಲ್ಲಿ ಒಂದೇ ಪದ ಉಳಿದಿರುವ ಮಕ್ಕಳೂ ಇದ್ದಾರೆ. ದಾಖಲಾತಿ ರಿಜಿಸ್ಟರಿನಲ್ಲಿ ಬಿದ್ದ ಅಕ್ಷರವೇ ವಿದ್ಯಾರ್ಥಿಗಳ ವಿವರ ದಾಖಲಿಸುವ ಶಿಕ್ಷಣ ಇಲಾಖೆಯ ಸ್ಯಾಟ್ಸ್ ತಂತ್ರಾಂಶಕ್ಕೆ ಹೋಗುತ್ತದೆ, ಅಲ್ಲಿಂದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ. ಗುಮಾಸ್ತರು ಬರೆದ ಮೇಲೆ ರಿಜಿಸ್ಟರನ್ನು ತಿರುಗಿಸಿ ತೋರಿಸಲು ಕೇಳಿ, ಜನನ ಪ್ರಮಾಣಪತ್ರವನ್ನು ಪಕ್ಕಕ್ಕಿಟ್ಟು ಅಕ್ಷರ ಅಕ್ಷರ ತಾಳೆ ನೋಡಿ. ಹಿಂದೆ ಸಾಲಿನಲ್ಲಿ ನಿಂತವರು ಗೊಣಗಿದರೆ ಗೊಣಗಲಿ.

ಮೂರನೆಯದು: ಶಾಲೆಯ ಕ್ಯಾಲೆಂಡರನ್ನು ಮನೆಯ ಕ್ಯಾಲೆಂಡರಿನ ಪಕ್ಕ ತೂಗುಹಾಕಿ

ಕಾನ್ವೆಂಟಿನ ರಜೆಗಳ ಲೆಕ್ಕ ಸರ್ಕಾರಿ ಶಾಲೆಯ ಲೆಕ್ಕಕ್ಕಿಂತ ತುಸು ಬೇರೆ. ಕ್ರಿಸ್‌ಮಸ್‌ಗೆ ಹೆಚ್ಚು ದಿನ ರಜೆ ಬೇಕೆಂದು ಕ್ರೈಸ್ತ ಸಂಸ್ಥೆಗಳು ಕೋರಿದರೆ ಶಿಕ್ಷಣ ಇಲಾಖೆಯ ಉಪನಿರ್ದೇಶಕರು ಒಪ್ಪಿಗೆ ಕೊಡಬಹುದು. ಆ ದಿನಗಳನ್ನು ದಸರಾ ರಜೆಯಲ್ಲಿ ಕಡಿತ ಮಾಡಿ ಸರಿದೂಗಿಸಬೇಕು. ಹೀಗಾಗಿ ಪಕ್ಕದ ಮನೆಯ ಮಗು ದಸರಾ ರಜೆಗೆ ಅಜ್ಜನ ಮನೆಯಲ್ಲಿ ಕುಣಿಯುತ್ತಿರುವಾಗ ನಿಮ್ಮ ಮಗು ಸಮವಸ್ತ್ರ ಹಾಕಿಕೊಂಡು ಹೊರಡಬೇಕಾಗಬಹುದು. ಅಕ್ಟೋಬರಿನ ಟಿಕೆಟ್ ಕಾಯ್ದಿರಿಸುವ ಮುನ್ನ ಡೈರಿಯ ರಜಾ ಪಟ್ಟಿ ನೋಡಿ. ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಜನ್ಮದಿನ, ಶಾಲೆಯ ಪಾಲಕ ಸಂತರ ಹಬ್ಬದ ದಿನ ಸಹ ಅದರಲ್ಲಿ ಇರುತ್ತವೆ. ಕೆಲವು ಕಡೆ ಅವು ರಜೆ, ಕೆಲವು ಕಡೆ ಕಾರ್ಯಕ್ರಮದ ದಿನ.

ಇನ್ನು ಮಳೆ. ಜುಲೈಯಲ್ಲಿ ಜಿಲ್ಲಾಧಿಕಾರಿಯವರ ರಜೆ ಆದೇಶ ರಾತ್ರಿ ಎಷ್ಟು ಹೊತ್ತಿಗೆ ಬರುವುದೋ ಎಂದು ಮೊಬೈಲ್ ಹಿಡಿದು ಕಾಯುವುದು ಇಲ್ಲಿ ತಾಯಂದಿರ ಮಾಮೂಲಿ ಕೆಲಸ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ ಮೇಲಂತೂ ಈ ರಜೆಗಳ ಬಗ್ಗೆ ಯಾರೂ ತಕರಾರು ಎತ್ತುವುದಿಲ್ಲ. ಆದರೆ ಕಳೆದುಹೋದ ದಿನಗಳನ್ನು ಶಾಲೆ ಶನಿವಾರದ ಮಧ್ಯಾಹ್ನಗಳಲ್ಲೋ ಭಾನುವಾರದಲ್ಲೋ ತುಂಬಿಸಿಕೊಳ್ಳುತ್ತದೆ. ಆ ದಿನಕ್ಕೂ ಹಾಜರಿ ಉಂಟು. ‘ಬರೀ ಎಕ್ಸ್‌ಟ್ರಾ ಕ್ಲಾಸ್’ ಎಂದು ಮಗುವನ್ನು ಮನೆಯಲ್ಲಿ ಉಳಿಸಿಕೊಂಡರೆ ಹಾಜರಾತಿ ಪುಸ್ತಕದಲ್ಲಿ ಗೈರು ಬೀಳುತ್ತದೆ. ಮಳೆಗಾಲದಲ್ಲಿ ಕಪ್ಪು ಬೂಟಿನ ಬದಲು ಚಪ್ಪಲಿ ಹಾಕಬಹುದೇ ಎಂಬುದನ್ನೂ ಅದೇ ಪುಟದಲ್ಲಿ ನೋಡಿಕೊಳ್ಳಿ. ಬಹುತೇಕ ಶಾಲೆಗಳು ಬಿಡುತ್ತವೆ.

ನಾಲ್ಕನೆಯದು: ರಜೆ ಚೀಟಿಯಲ್ಲಿ ನಿಜ ಬರೆಯಿರಿ

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ವಾರ್ಷಿಕ ಪರೀಕ್ಷೆ ಹತ್ತಿರವಾಗುವ ಹೊತ್ತಿಗೇ ಬರುತ್ತದೆ. ಕಾರವಾರದವರಿಗೆ ಕೂರ್ಮಗಡದ ನರಸಿಂಹ ದೇವರ ಜಾತ್ರೆ, ಅಂಕೋಲಾ ಕಡೆಗೆ ಸುಗ್ಗಿ. ಮನೆಯ ಅಡಿಕೆ ಕೊಯ್ಲು, ಮಾವನ ಮದುವೆ, ಬೆಳಗಿನ ಜಾವದವರೆಗೆ ನಡೆದ ಯಕ್ಷಗಾನ ಬೇರೆ. ಈ ಎಲ್ಲ ದಿನಗಳಲ್ಲೂ ತರಗತಿಯ ಅರ್ಧ ಮಕ್ಕಳಿಗೆ ಒಟ್ಟಿಗೇ ಜ್ವರ ಬರುತ್ತದೆ. ಯಾವ ಜ್ವರ ಎಂದು ಟೀಚರಿಗೂ ಗೊತ್ತು, ಬೆಂಚಿನಲ್ಲಿ ಕುಳಿತ ಮಗುವಿಗೂ ಗೊತ್ತು. ಸುಳ್ಳು ಚೀಟಿಯನ್ನು ಮಗುವಿನ ಕೈಯಲ್ಲೇ ಕಳಿಸಿ, ಅದೇ ಶಾಲೆಯಲ್ಲಿ ಮೌಲ್ಯ ಶಿಕ್ಷಣ ಚೆನ್ನಾಗಿ ನಡೆಯಬೇಕೆಂದು ಬಯಸುವುದು ವಿಚಿತ್ರ.

ಚೀಟಿ ಹೀಗಿದ್ದರೆ ಸಾಕು: ‘ಮಾನ್ಯ ಕ್ಲಾಸ್ ಟೀಚರ್ ಅವರಿಗೆ, ಮೂರನೇ ತರಗತಿ ಬಿ ವಿಭಾಗದಲ್ಲಿರುವ ನಮ್ಮ ಮಗಳು ಮನೆದೇವರ ಪೂಜೆಯ ಕಾರಣ ಗುರುವಾರ ಮತ್ತು ಶುಕ್ರವಾರ ಶಾಲೆಗೆ ಬರುವುದಿಲ್ಲ. ಶನಿವಾರ ಹಾಜರಾಗುತ್ತಾಳೆ. ಆ ಎರಡು ದಿನದ ಕನ್ನಡ, ಗಣಿತದ ನೋಟ್ಸನ್ನು ಸೋಮವಾರದೊಳಗೆ ಬರೆಸುತ್ತೇವೆ.’ ರಜೆ ಹಾಕುವ ಮೊದಲೇ ಇದನ್ನು ಡೈರಿಯ ರಜಾ ಪುಟದಲ್ಲಿ ಬರೆದು ಕಳಿಸಿ. ವಾಟ್ಸ್‌ಆ್ಯಪ್ ಸಂದೇಶವನ್ನು ಹೆಚ್ಚಿನ ಶಾಲೆಗಳು ದಾಖಲೆ ಎಂದು ಪರಿಗಣಿಸುವುದಿಲ್ಲ. ಕಾಯಿಲೆಯ ರಜೆ ಮೂರ್ನಾಲ್ಕು ದಿನ ದಾಟಿದರೆ ವೈದ್ಯರ ಪತ್ರ ಕೇಳುತ್ತಾರೆ. ಪರೀಕ್ಷೆಯ ದಿನ ತಪ್ಪಿದರೆ ಮರುಪರೀಕ್ಷೆ ಉಂಟೇ ಎಂಬುದು ಶಾಲೆಯಿಂದ ಶಾಲೆಗೆ ಬೇರೆ. ಇದನ್ನು ಜೂನಿನಲ್ಲೇ ಕೇಳಿಟ್ಟುಕೊಳ್ಳಿ.

ಐದನೆಯದು: ಹೋಂವರ್ಕ್ ಯಾರದು?

ರಾಜ್ಯ ಸರ್ಕಾರ 2019ರಲ್ಲಿ ಹೊರಡಿಸಿ 2023ರಲ್ಲಿ ಮತ್ತೆ ನೆನಪಿಸಿದ ಆದೇಶದಂತೆ ಒಂದು, ಎರಡನೇ ತರಗತಿಗೆ ಹೋಂವರ್ಕ್ ಕೊಡುವಂತಿಲ್ಲ. ಚೀಲದ ತೂಕ ಈ ಎರಡು ತರಗತಿಗಳಿಗೆ ಒಂದೂವರೆಯಿಂದ 2 ಕಿಲೋ, ಮೂರರಿಂದ ಐದಕ್ಕೆ 2ರಿಂದ 3 ಕಿಲೋ, ಆರರಿಂದ ಎಂಟಕ್ಕೆ 3ರಿಂದ 4 ಕಿಲೋ. ತಿಂಗಳ ಮೂರನೇ ಶನಿವಾರ ಚೀಲವೇ ಬೇಡ. ಚೀಲ ಭಾರವಾಯಿತೆಂದು ದೂರುವ ಮುನ್ನ ಒಮ್ಮೆ ಅದನ್ನು ಬರಿದು ಮಾಡಿ ನೋಡಿ. ಹೋದ ವಾರದ ವೇಳಾಪಟ್ಟಿಯ ಪುಸ್ತಕಗಳು, ಎರಡು ಕಂಪಾಸ್ ಪೆಟ್ಟಿಗೆ, ಒಂದು ಲೀಟರಿನ ನೀರಿನ ಬಾಟಲಿ, ತಳದಲ್ಲಿ ನಾಲ್ಕೈದು ಕಲ್ಲು ಮತ್ತು ಒಂದು ಕಪ್ಪೆಚಿಪ್ಪು ಸಿಕ್ಕಿದರೆ ಅದಕ್ಕೆ ಸಿಸ್ಟರ್ ಹೊಣೆಯಲ್ಲ.

ಮೂರನೇ ತರಗತಿಯ ನಂತರ ಪ್ರಾಜೆಕ್ಟ್ ಎಂಬ ವ್ಯಾಧಿ ಅಂಟಿಕೊಳ್ಳುತ್ತದೆ. ಕೈಗಾ ಸ್ಥಾವರದ ಮಾದರಿ ತನ್ನಿ ಎಂದರೆ ತಂದೆ ಥರ್ಮೋಕೋಲ್ ಕತ್ತರಿಸುತ್ತಾರೆ, ತಾಯಿ ಬಣ್ಣ ಹಚ್ಚುತ್ತಾರೆ, ಝೆರಾಕ್ಸ್ ಅಂಗಡಿಯವರು ಬರಹ ಮುದ್ರಿಸಿ ಕೊಡುತ್ತಾರೆ, ಮಗು ಅದನ್ನು ಹೊತ್ತುಕೊಂಡು ಹೋಗುತ್ತದೆ. ಡೈರಿಯಲ್ಲಿ ‘ಸ್ವಂತ ಕೆಲಸ’ ಎಂದು ಅಚ್ಚಾಗಿರುವುದನ್ನು ಪಾಲಕರಷ್ಟೇ ಅಲ್ಲ, ಅಂದದ ಮಾದರಿಗೆ ಹೆಚ್ಚು ಅಂಕ ಕೊಡುವ ಕೆಲವು ಶಿಕ್ಷಕರೂ ಮರೆಯುತ್ತಾರೆ. ಮನೆಯವರು ಮಾಡಬೇಕಾದದ್ದು ಮೂರೇ ಕೆಲಸ: ಸಾಮಗ್ರಿ ತಂದುಕೊಡುವುದು, ಬ್ಲೇಡ್ ಬೇಕಾದಲ್ಲಿ ಕತ್ತರಿಸಿಕೊಡುವುದು, ಮಗು ಹೇಳುವುದನ್ನು ಕೇಳಿಸಿಕೊಳ್ಳುವುದು. ಸೊಟ್ಟಗಿರುವ ಸೇತುವೆಯನ್ನು ನೇರ ಮಾಡಲು ಹೋಗಬೇಡಿ. ಮೌಖಿಕ ಪ್ರಶ್ನೆ ಬಂದಾಗ ಸೊಟ್ಟ ಸೇತುವೆ ಕಟ್ಟಿದ ಮಗುವೇ ಉತ್ತರ ಹೇಳುತ್ತದೆ.

ಆರನೆಯದು: ಅಂಕಪಟ್ಟಿ ಓದುವುದು

ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ (ಕಲಿಕೆಯ ನಡುನಡುವೆ), ಎರಡು ಸಂಕಲನಾತ್ಮಕ (ಅವಧಿಯ ಕೊನೆಗೆ) ಮೌಲ್ಯಮಾಪನ. ಮಕ್ಕಳ ಬಾಯಲ್ಲಿ ಎಫ್‌ಎ, ಎಸ್‌ಎ. ನೂರಕ್ಕೆ 90 ದಾಟಿದರೆ ಎ ಪ್ಲಸ್, 70ರಿಂದ ಎ, 50ರಿಂದ ಬಿ ಪ್ಲಸ್, 30ರಿಂದ ಬಿ, ಅದಕ್ಕೂ ಕೆಳಗೆ ಸಿ. 71ಕ್ಕೂ 89ಕ್ಕೂ ಒಂದೇ ಶ್ರೇಣಿ ಎಂಬುದನ್ನು ನೆನಪಿಟ್ಟುಕೊಂಡರೆ ಪಕ್ಕದ ಮನೆಯವರೊಂದಿಗಿನ ಅರ್ಧ ಜಗಳ ತಪ್ಪುತ್ತದೆ. ಉತ್ತರಪತ್ರಿಕೆ ಮನೆಗೆ ಬಂದಾಗ ಅಂಕ ಕೂಡಿಸುವುದನ್ನು ಬಿಟ್ಟು, ಒಂದೇ ಬಗೆಯ ತಪ್ಪು ಎಲ್ಲೆಲ್ಲಿ ಮರುಕಳಿಸಿದೆ ಎಂದು ನೋಡಿ ಸಹಿ ಹಾಕಿ.

ಏಳನೆಯದು: ಪ್ರಾರ್ಥನೆ, ಮೌಲ್ಯ ಶಿಕ್ಷಣ

ಕೇಳಲು ಮುಜುಗರಪಟ್ಟು ಮನೆಯಲ್ಲೇ ಊಹಿಸಿಕೊಳ್ಳುವ ವಿಷಯ ಇದು. ಸಂವಿಧಾನದ 28(3)ನೇ ವಿಧಿ ಸ್ಪಷ್ಟವಾಗಿದೆ: ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಅಪ್ರಾಪ್ತ ಮಗು ಧಾರ್ಮಿಕ ಬೋಧನೆಯಲ್ಲೋ ಪೂಜೆಯಲ್ಲೋ ಪಾಲ್ಗೊಳ್ಳಲು ಪಾಲಕರ ಒಪ್ಪಿಗೆ ಬೇಕು. ಸಾಮಾನ್ಯವಾಗಿ ಕಥೋಲಿಕ್ ಮಕ್ಕಳು ಧರ್ಮೋಪದೇಶದ ತರಗತಿಗೆ ಹೋಗುವ ಹೊತ್ತಿನಲ್ಲಿ ಉಳಿದವರಿಗೆ ಮೌಲ್ಯ ಶಿಕ್ಷಣ ಇರುತ್ತದೆ. ಅನ್ಯಧರ್ಮದ ಮಕ್ಕಳ ಮೇಲೆ ಕ್ರೈಸ್ತ ಆಚರಣೆಗಳನ್ನು ಹೇರಬಾರದು, ಬೆಳಗಿನ ಸಭೆಯಲ್ಲಿ ಸಂವಿಧಾನದ ಪೀಠಿಕೆ ಓದಿಸಬೇಕು ಎಂದು ಭಾರತದ ಕಥೋಲಿಕ್ ಧರ್ಮಾಧ್ಯಕ್ಷರ ಮಂಡಳಿಯೇ 2024ರಲ್ಲಿ ತನ್ನ ಶಾಲೆಗಳಿಗೆ ಮಾರ್ಗಸೂಚಿ ಕೊಟ್ಟಿದೆ. ಬೆಳಗಿನ ಪ್ರಾರ್ಥನೆಯಲ್ಲಿ ಯಾವ ಹಾಡು, ಬಲಿಪೂಜೆಯ (ಚರ್ಚಿನ ಮಾಸ್) ದಿನ ಇತರ ಮಕ್ಕಳು ಎಲ್ಲಿ ಕುಳಿತಿರುತ್ತಾರೆ, ಕುಂಕುಮ-ಬಳೆ-ಹೂವಿಗೆ ನಿಯಮವೇನು ಎಂದು ಪ್ರವೇಶದ ದಿನವೇ ನೇರವಾಗಿ ಕೇಳಿ. ನೇರವಾಗಿ ಕೇಳಿದ್ದಕ್ಕೆ ಸಿಟ್ಟಾಗುವ ಸಿಸ್ಟರುಗಳು ಕಡಿಮೆ.

ಕಥೋಲಿಕ್ ಮನೆಯವರಿಗೆ ನಿರೀಕ್ಷೆ ಇನ್ನೂ ಹೆಚ್ಚು. ಭಾನುವಾರದ ಪೂಜೆ, ಧರ್ಮಕೇಂದ್ರದ (ಊರಿನ ಚರ್ಚಿನ) ಧರ್ಮೋಪದೇಶ ತರಗತಿ, ಪ್ರಥಮ ಪರಮಪ್ರಸಾದದ (ಫಸ್ಟ್ ಕಮ್ಯುನಿಯನ್) ತಯಾರಿ ಎಲ್ಲವೂ ಸೇರುತ್ತವೆ. ಶಾಲೆಯಲ್ಲಿ ಹೇಳಿಕೊಡುತ್ತಾರಲ್ಲ ಎಂದು ಕೈತೊಳೆದುಕೊಳ್ಳಲು ಚರ್ಚೇ ಬಿಡುವುದಿಲ್ಲ. ಮಕ್ಕಳಿಗೆ ಮೊದಲ ಶಿಕ್ಷಕರು ತಂದೆತಾಯಿಗಳೇ ಎಂದು ಜಗತ್ತಿನ ಕಥೋಲಿಕ್ ಬಿಷಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಘೋಷಿಸಿದೆ.

ಎಂಟನೆಯದು: ಸಭೆ ಮತ್ತು ದೂರು

1983ರ ಚರ್ಚ್ ಕಾನೂನು ಸಂಹಿತೆಯ 796ನೇ ವಿಧಿ ಎರಡೂ ಕಡೆಗೆ ಕೆಲಸ ಹಚ್ಚುತ್ತದೆ. ಪಾಲಕರು ಶಿಕ್ಷಕರೊಂದಿಗೆ ಸಹಕರಿಸಬೇಕು. ಶಿಕ್ಷಕರು ಪಾಲಕರ ಮಾತನ್ನು ಮನಸ್ಸಿಟ್ಟು ಕೇಳಬೇಕು, ಅದಕ್ಕಾಗಿ ಸಂಘ-ಸಭೆಗಳನ್ನು ಏರ್ಪಡಿಸಬೇಕು. ಡೈರಿಯ ನಿಯಮಗಳಲ್ಲಿ ಮೊದಲರ್ಧ ದಪ್ಪ ಅಕ್ಷರದಲ್ಲಿ ಅಚ್ಚಾಗುತ್ತದೆ, ಎರಡನೆಯದು ಕಾಣಿಸುವುದು ಅಪರೂಪ. ಆದರೆ ಅದೂ ಚರ್ಚಿನದೇ ಕಾನೂನು. ಪಾಲಕರ ಸಭೆಯಲ್ಲಿ ಅದನ್ನು ವಿನಯದಿಂದಲೇ ನೆನಪಿಸಬಹುದು.

ಸಭೆಗೆ ಹೋಗುವಾಗ ಕೇಳಬೇಕಾದ ಎರಡು ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ. ತಂದೆ ದೋಣಿಯ ಮೇಲೋ ಗೋವಾದ ಕೆಲಸದಲ್ಲೋ ಇದ್ದರೆ ಅಜ್ಜಿ ಬಂದರೂ ನಡೆಯುತ್ತದೆ. ಆದರೆ ಡೈರಿಯಲ್ಲಿ ಅಜ್ಜಿಯ ಹೆಸರು, ಮಾದರಿ ಸಹಿ ಇರಲಿ. ಮಗುವನ್ನು ಕರೆದೊಯ್ಯಲು ಬರುವ ರಿಕ್ಷಾದವರ ಹೆಸರೂ ಹಾಗೆಯೇ.

ದೂರಿದ್ದರೆ ಮೊದಲು ಕ್ಲಾಸ್ ಟೀಚರ್, ಆಮೇಲೆ ಹೆಡ್‌ಮಿಸ್ಟ್ರೆಸ್, ಆಮೇಲೆ ಸಂಚಾಲಕರು. ಧರ್ಮಕೇಂದ್ರದ ಶಾಲೆಯಾದರೆ ಸಂಚಾಲಕರು ಹೆಚ್ಚಾಗಿ ಅಲ್ಲಿನ ಫಾದರ್ ಆಗಿರುತ್ತಾರೆ. ಅಲ್ಲೂ ಬಗೆಹರಿಯದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ. ನಮ್ಮದು ಒಂದೇ ಜಿಲ್ಲೆಯಾದರೂ ಶೈಕ್ಷಣಿಕ ಜಿಲ್ಲೆ ಎರಡು: ಕರಾವಳಿಯ ಐದು ತಾಲ್ಲೂಕುಗಳಿಗೆ ಉಪನಿರ್ದೇಶಕರು ಕಾರವಾರದಲ್ಲಿ, ಘಟ್ಟದ ಮೇಲಿನವರಿಗೆ ಶಿರಸಿಯಲ್ಲಿ. ಹೊಡೆತ ಅಥವಾ ಕಿರುಕುಳದ ಮಾತಿದ್ದರೆ ಈ ಮೆಟ್ಟಿಲುಗಳನ್ನು ಏರುತ್ತ ಕೂರಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಕೊನೆಯದು: ಟಿ.ಸಿ.

ಶಾಲೆ ಬದಲಿಸುವುದಾದರೆ ಲಿಖಿತ ಅರ್ಜಿ ಕೊಟ್ಟು, ಬಾಕಿ ಶುಲ್ಕ ಮತ್ತು ಗ್ರಂಥಾಲಯದ ಪುಸ್ತಕ ಒಪ್ಪಿಸಿ ವರ್ಗಾವಣೆ ಪ್ರಮಾಣಪತ್ರ ಪಡೆಯಿರಿ. ಸ್ಯಾಟ್ಸ್‌ನಲ್ಲಿ ಹಳೆಯ ಶಾಲೆ ಮಗುವನ್ನು ಬಿಡುಗಡೆ ಮಾಡದಿದ್ದರೆ ಹೊಸ ಶಾಲೆಗೆ ಸೇರಿಸಿಕೊಳ್ಳಲು ಬರುವುದಿಲ್ಲ. ಅದರಲ್ಲಿರುವ ವಿದ್ಯಾರ್ಥಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಟಿ.ಸಿ. ಕೈಗೆ ಬಂದೊಡನೆ ಕಚೇರಿಯ ಕಿಟಕಿಯ ಮುಂದೆಯೇ ನಿಂತು ಮಗುವಿನ ಹೆಸರು, ಜನ್ಮದಿನಾಂಕ, ತಂದೆತಾಯಿಯ ಹೆಸರು ಓದಿ. ಏಪ್ರಿಲ್ ಎರಡನೇ ವಾರದ ನಂತರ ಬೇಸಿಗೆ ರಜೆ, ಕಚೇರಿ ಅರ್ಧ ದಿನ ಮಾತ್ರ ತೆರೆದಿರುವ ಕಡೆಗಳೂ ಇವೆ; ಅರ್ಜಿಯನ್ನು ಮಾರ್ಚಿಯಲ್ಲೇ ಕೊಟ್ಟುಬಿಡಿ.