ಡಿಲೀಟ್ ಆದ ಫೈಲ್ ವಾಪಸ್ ಬೇಕಿದ್ದರೆ, ಮೊದಲು ಡಿಸ್ಕನ್ನು ಸುಮ್ಮನೆ ಬಿಡಿ

ರೀಸೈಕಲ್ ಬಿನ್ ಖಾಲಿ ಮಾಡಿದ ಮಾತ್ರಕ್ಕೆ ಹಾರ್ಡ್ ಡಿಸ್ಕಿನಿಂದ ಡೇಟಾ ಅಳಿಸಿಹೋಗುವುದಿಲ್ಲ. ವಿಂಡೋಸ್ ಫೈಲ್‌ಗಳನ್ನು ಜೋಡಿಸಿಡಲು ಬಳಸುವ ಎನ್‌ಟಿಎಫ್‌ಎಸ್ ವ್ಯವಸ್ಥೆಯಲ್ಲಿ ಎಂಎಫ್‌ಟಿ ಎಂಬ ಫೈಲ್‌ಗಳ ಪಟ್ಟಿಯಿದೆ. ಅದರಲ್ಲಿ ಆ ಫೈಲಿನ ಸಾಲಿಗೆ 'ಬಳಕೆಯಲ್ಲಿಲ್ಲ' ಎಂಬ ಗುರುತು ಬೀಳುತ್ತದೆ, ಅಷ್ಟೇ. ಆ ಜಾಗದಲ್ಲಿ ಇನ್ನೊಂದು ಫೈಲ್ ಬಂದು ಕೂತ ಮೇಲೆ ಮಾತ್ರ ಆಟ ಮುಗಿಯಿತು. ಸುಮ್ಮನೆ ಬ್ರೌಸರ್ ತೆರೆದರೂ ಡಿಸ್ಕಿಗೆ ಏನಾದರೂ ಬರೆಯುತ್ತದೆ. ಹಾಗಾಗಿ ಕಳೆದದ್ದು ಸಿ ಡ್ರೈವಿನಲ್ಲಿದ್ದರೆ ಕಂಪ್ಯೂಟರ್ ಆಫ್ ಮಾಡಿ, ಪೆನ್‌ಡ್ರೈವಿನಿಂದ ವಿಂಡೋಸ್ ಬದಲು ಲಿನಕ್ಸ್ ಬೂಟ್ ಮಾಡಿ. ರಿಕವರಿ ಸಾಫ್ಟ್‌ವೇರನ್ನು ಅದೇ ಡಿಸ್ಕಿಗೆ ಇನ್‌ಸ್ಟಾಲ್ ಮಾಡುವುದು ಎಲ್ಲರೂ ಮಾಡುವ ಎಡವಟ್ಟು.

ತಿರುಗುವ ತಟ್ಟೆಯ ಬದಲು ಚಿಪ್ ಇರುವ ಎಸ್‌ಎಸ್‌ಡಿ ಆಗಿದ್ದರೆ ಹೆಚ್ಚು ಆಸೆ ಬೇಡ. ಟ್ರಿಮ್ ಎಂಬ ಸೌಲಭ್ಯ ಆನ್ ಇದ್ದರೆ ಡಿಲೀಟ್ ಆದ ಜಾಗವನ್ನು ಡ್ರೈವೇ ಖಾಲಿ ಮಾಡಿಬಿಡುತ್ತದೆ.

ಡಿಸ್ಕ್ ಟಕ್ ಟಕ್ ಎನ್ನುತ್ತಿದೆಯೇ? ಪವರ್ ತೆಗೆಯಿರಿ, ಡೇಟಾ ಓದುವ ಹೆಡ್ ಕೆಟ್ಟಿರಬಹುದು, ತಿರುಗಿದಷ್ಟೂ ಡೇಟಾ ಇರುವ ತಟ್ಟೆ (ಪ್ಲ್ಯಾಟರ್) ಗೀಚಿಹೋಗುತ್ತದೆ. ಇದು ಧೂಳಿಲ್ಲದ ಕ್ಲೀನ್ ರೂಂ ಇರುವ ಲ್ಯಾಬಿನ ಕೆಲಸ. ಫ್ರೀಜರಿನಲ್ಲಿಡುವ ಹಳೇ ಉಪಾಯವಂತೂ ಬೇಡವೇ ಬೇಡ, ಒಳಗೆ ತೇವ ಕಟ್ಟುತ್ತದೆ.

ಸದ್ದಿಲ್ಲದಿದ್ದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿ ನೋಡಿ. 197ನೇ ಸಾಲು, ಅಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ (ಡಿಸ್ಕಿನ ಪುಟ್ಟ ತುಣುಕುಗಳ) ಲೆಕ್ಕ, ಸೊನ್ನೆಗಿಂತ ಹೆಚ್ಚಿದ್ದರೆ ಮೂಲ ಡಿಸ್ಕಿನ ಮೇಲೆ ಸ್ಕ್ಯಾನ್ ಓಡಿಸಬೇಡಿ. ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಂನಿಂದ ಇಡೀ ಡಿಸ್ಕಿನ ಇಮೇಜ್, ಅಂದರೆ ಒಂದೇ ಫೈಲಿನಲ್ಲಿ ಪೂರ್ತಿ ನಕಲು, ತೆಗೆಯಿರಿ. ಅದು ಚೆನ್ನಾಗಿರುವ ಭಾಗವನ್ನು ಮೊದಲು ಬಾಚಿಕೊಂಡು, ಕೆಟ್ಟ ಸೆಕ್ಟರ್‌ಗಳಿಗೆ ಆಮೇಲೆ ಕೈಹಾಕುತ್ತದೆ. ಎಷ್ಟು ಓದಿಯಾಯಿತೆಂದು ಬರೆದಿಡುವ ಮ್ಯಾಪ್ ಫೈಲ್ ಕೊಡಲು ಮರೆತರೆ ಮಧ್ಯೆ ಕರೆಂಟ್ ಹೋದಾಗ ಮತ್ತೆ ಮೊದಲಿನಿಂದ ಶುರು. ಸೆಕೆಂಡಿಗೆ 100 ಎಂಬಿ ಓದಿದರೂ 1 ಟಿಬಿಗೆ ಸುಮಾರು 3 ಗಂಟೆ ಹಿಡಿಯುತ್ತದೆ. ಇಮೇಜ್ ಉಳಿಸುವ ಡಿಸ್ಕ್ ಫ್ಯಾಟ್32 ಫಾರ್ಮ್ಯಾಟಿನಲ್ಲಿದ್ದರೆ ಆ ಫೈಲ್ 4 ಜಿಬಿಗೇ ನಿಲ್ಲುತ್ತದೆ. ಎನ್‌ಟಿಎಫ್‌ಎಸ್ ಅಥವಾ ಲಿನಕ್ಸಿನ ಎಕ್ಸ್‌ಟಿ4 ಇರಲಿ.

'ಫಾರ್ಮ್ಯಾಟ್ ಮಾಡಬೇಕೇ?' ಎಂದು ವಿಂಡೋಸ್ ಕೇಳಿದರೆ ಕ್ಯಾನ್ಸಲ್ ಒತ್ತಿ. ಚೆಕ್‌ಡಿಸ್ಕ್ ಕೂಡ ಓಡಿಸಬೇಡಿ: ಅದು ಫೈಲ್ ಸಿಸ್ಟಂ ಸರಿಮಾಡಲು ಡಿಸ್ಕಿಗೇ ಬರೆಯುತ್ತದೆ.

ಇನ್ನು ಇಮೇಜ್ ಮೇಲೆ ಟೆಸ್ಟ್‌ಡಿಸ್ಕ್ ಎಂಬ ರಿಕವರಿ ಪ್ರೋಗ್ರಾಂ ತೆರೆಯಿರಿ. ಪಾರ್ಟಿಶನ್ನೇ (ಸಿ, ಡಿ ಡ್ರೈವಿನಂಥ ಭಾಗವೇ) ಮಾಯವಾಗಿದ್ದರೆ ಕ್ವಿಕ್ ಸರ್ಚ್ ಮಾಡಿ, 'ಪಿ' ಒತ್ತಿ ಫೈಲ್‌ಗಳ ಪಟ್ಟಿ ನೋಡಿ, ಬೇಕಾದ್ದನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿ. ಫೈಲ್ ಮಾತ್ರ ಡಿಲೀಟ್ ಆಗಿದ್ದರೆ ಅಡ್ವಾನ್ಸ್ಡ್ ಮೆನುವಿನಲ್ಲಿ ಅನ್‌ಡಿಲೀಟ್ ಇದೆ. ಫೋಟೋರೆಕ್ ಎಂಬ ಇನ್ನೊಂದು ಪ್ರೋಗ್ರಾಂ ಕೊನೆಯ ದಾರಿ. ಅದು ಎಂಎಫ್‌ಟಿ ನೋಡುವುದೇ ಇಲ್ಲ; ಫೈಲಿನ ಆರಂಭದ ಬೈಟ್‌ಗಳನ್ನು ಹುಡುಕುತ್ತದೆ, ಜೆಪೆಗ್ ಫೋಟೋ ಆದರೆ ಎಫ್‌ಎಫ್ ಡಿ8 ಎಫ್‌ಎಫ್. ಹಾಗಾಗಿ ಹಳೇ ಹೆಸರು, ಫೋಲ್ಡರ್ ಎರಡೂ ಸಿಗುವುದಿಲ್ಲ. ಫೋಟೋದ ಮೇಲರ್ಧ ಸರಿಯಿದ್ದು ಕೆಳಗೆ ಬರೀ ಬೂದು ಬಣ್ಣವಿದ್ದರೆ, ಫೈಲ್ ತುಂಡುತುಂಡಾಗಿ ಬೇರೆ ಬೇರೆ ಕಡೆ ಇತ್ತು, ಇಲ್ಲವೇ ಉಳಿದ ಭಾಗದ ಮೇಲೆ ಬೇರೇನೋ ಬರೆದಾಗಿದೆ. ತುಂಡಾದ ಫೈಲನ್ನು ಎಂಎಫ್‌ಟಿ ಓದುವ ಅನ್‌ಡಿಲೀಟ್ ಒಮ್ಮೊಮ್ಮೆ ಜೋಡಿಸಿ ಕೊಡುತ್ತದೆ. ಮೇಲೆ ಬರೆದಾಗಿದ್ದರೆ ಯಾವ ಸಾಫ್ಟ್‌ವೇರಿನಿಂದಲೂ ಆಗದು.