ಮಾಡ್ ಹಾಕಿದ ಮೇಲೆ ಗೇಮ್ ಓಡುತ್ತಿಲ್ಲವೇ? ಮೊದಲು ಡಿಸ್ಕ್ ಇಮೇಜಿನ ಬೈಟ್ ಎಣಿಸಿ

‘ಸೂಪರ್ ಸ್ಮ್ಯಾಶ್ ಬ್ರದರ್ಸ್ ಮೆಲೀ’ 2001ರಲ್ಲಿ ನಿಂಟೆಂಡೊದ ಗೇಮ್‌ಕ್ಯೂಬ್ ಯಂತ್ರಕ್ಕೆ ಬಂದ ಆಟ. ‘ಮಾಡ್’ ಎಂಬ ಬದಲಿ ಫೈಲ್‌ಗಳಿಂದ ಅದರ ಪಾತ್ರಗಳಿಗೆ ಹೊಸ ರೂಪ, ಹೊಸ ವೇಷ ತೊಡಿಸುವವರು ಇಂದಿಗೂ ಇದ್ದಾರೆ. ಹೊಸಬರು ಎಡವುವುದು ಬಹುತೇಕ ಒಂದೇ ಕಡೆ: ಮಾಡ್ ಫೈಲ್ ಸೇರಿಸುತ್ತಾರೆ, ಆಟ ಕಪ್ಪು ಪರದೆಯಲ್ಲಿ ನಿಂತುಬಿಡುತ್ತದೆ, ಮಾಡ್ ಸರಿಯಿಲ್ಲ ಎಂದು ಅಳಿಸಿಹಾಕುತ್ತಾರೆ. ಎಷ್ಟೋ ಸಲ ಮಾಡ್ ಸರಿಯಾಗಿಯೇ ಇರುತ್ತದೆ. ಕೆಟ್ಟಿರುವುದು ಐಎಸ್‌ಒ ಇಮೇಜಿನ, ಅಂದರೆ ಇಡೀ ಡಿಸ್ಕನ್ನು ಒಂದೇ ಫೈಲಾಗಿಸಿದ ನಕಲಿನ ಲೆಕ್ಕ.

ನೆನಪಿಡಬೇಕಾದ ಸಂಖ್ಯೆ

ಪೂರ್ಣ ಗೇಮ್‌ಕ್ಯೂಬ್ ಇಮೇಜಿನ ಗಾತ್ರ 1,45,99,78,240 ಬೈಟ್. ಡಿಸ್ಕಿನ ತಲಾ 2,048 ಬೈಟ್‌ಗಳ 7,12,880 ಸೆಕ್ಟರ್‌ಗಳು (ತುಂಡುಗಳು) ಸೇರಿ ಆಗುವ ಮೊತ್ತ ಇದು. ವಿಂಡೋಸ್‌ನಲ್ಲಿ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. ‘ಸೈಜ್’ ಎಂಬ ಸಾಲನ್ನೇ ನೋಡಿ, ಅದರ ಕೆಳಗಿನ ‘ಸೈಜ್ ಆನ್ ಡಿಸ್ಕ್’ ಬೇಡ. ಜಿಬಿ ಲೆಕ್ಕವನ್ನು ನಂಬಬೇಡಿ. ಒಂದೇ ಇಮೇಜನ್ನು ಒಂದು ತಂತ್ರಾಂಶ 1.35 ಎಂದರೆ ಇನ್ನೊಂದು 1.36, ಮತ್ತೊಂದು 1.46 ಎನ್ನುತ್ತದೆ. ಬೈಟ್ ಲೆಕ್ಕದಲ್ಲಿ ಆ ಗೊಂದಲವಿಲ್ಲ.

ಗಾತ್ರ ಕಡಿಮೆ ಇದ್ದರೆ

ನಿಮ್ಮದು ಬಹುಶಃ ಆರ್‌ವಿಝಡ್, ಜಿಸಿಝಡ್, ಸಿಐಎಸ್‌ಒ ಮಾದರಿಯ ಕುಗ್ಗಿಸಿದ ಇಮೇಜ್. ಆಡಲು ಅಡ್ಡಿಯಿಲ್ಲ, ಆದರೆ ಹಳೆಯ ಮಾಡ್ ತಂತ್ರಾಂಶಗಳಿಗೆ ಅದು ಓದಲು ಬಾರದು. ಗೇಮ್‌ಕ್ಯೂಬ್ ಆಟಗಳನ್ನು ಕಂಪ್ಯೂಟರಿನಲ್ಲಿ ಓಡಿಸುವ ಡಾಲ್ಫಿನ್ ಎಮ್ಯುಲೇಟರಿನ ಪಟ್ಟಿಯಲ್ಲಿ ಗೇಮ್ ಮೇಲೆ ರೈಟ್ ಕ್ಲಿಕ್ ಮಾಡಿ, ‘ಕನ್ವರ್ಟ್ ಫೈಲ್’ನಲ್ಲಿ ಐಎಸ್‌ಒ ಆರಿಸಿದರೆ ಪೂರ್ಣ ಗಾತ್ರ ಮರಳುತ್ತದೆ. ಎನ್‌ಕಿಟ್ ಎಂಬ ಇನ್ನೊಂದು ಕುಗ್ಗಿಸಿದ ಮಾದರಿಯ ಇಮೇಜಿಗೆ ಮಾತ್ರ ಈ ಉಪಾಯ ನಡೆಯದು. ಖಾಲಿ ಜಾಗ ತುಂಬಿದ್ದ ದತ್ತಾಂಶವನ್ನೇ ಅದು ಕಿತ್ತುಹಾಕಿರುತ್ತದೆ. ಅದನ್ನು ಮರಳಿಸಲು ಎನ್‌ಕಿಟ್‌ನದೇ ತಂತ್ರಾಂಶ ಬೇಕು. ಇನ್ನೂ ಒಳ್ಳೆಯದೆಂದರೆ, ನಿಮ್ಮ ಸ್ವಂತ ಡಿಸ್ಕನ್ನು ನಿಂಟೆಂಡೊದ ವೀ ಯಂತ್ರದಲ್ಲಿ ‘ಕ್ಲೀನ್‌ರಿಪ್’ ತಂತ್ರಾಂಶದ ಮೂಲಕ ಹೊಸದಾಗಿ ನಕಲು ಮಾಡಿಕೊಳ್ಳುವುದು.

ಗಾತ್ರ ಸರಿಯಿದ್ದ ಮಾತ್ರಕ್ಕೆ ಇಮೇಜ್ ಸರಿಯಿದೆ ಎಂದಲ್ಲ. ಮೆಲೀಯ 1.00, 1.01, 1.02 ಆವೃತ್ತಿಗಳ ಗಾತ್ರ ಒಂದೇ. ಎಕ್ಸ್‌ಡೆಲ್ಟಾ ಪ್ಯಾಚ್ (ಮೂಲ ಇಮೇಜಿನಿಂದ ಬೇರೆಯಾದ ಭಾಗವನ್ನಷ್ಟೇ ಹೊತ್ತ ಫೈಲ್) ರೂಪದಲ್ಲಿ ಬರುವ ಮಾಡ್‌ಗಳು ಸಾಮಾನ್ಯವಾಗಿ 1.02ರ ಮೂಲ ಇಮೇಜನ್ನೇ ಕೇಳುತ್ತವೆ. ಒಮ್ಮೆ ವೇಷ ಬದಲಿಸಿದ ಇಮೇಜ್ ಕೊಟ್ಟರೂ ಚೆಕ್‌ಸಮ್ (ಫೈಲಿನ ದತ್ತಾಂಶದಿಂದ ಲೆಕ್ಕಹಾಕಿದ ಗುರುತುಸಂಖ್ಯೆ) ಹೊಂದುತ್ತಿಲ್ಲ ಎಂದು ಹಿಂದೆ ಸರಿಯುತ್ತವೆ. ಡಾಲ್ಫಿನ್‌ನ ಪ್ರಾಪರ್ಟೀಸ್‌ನಲ್ಲಿರುವ ‘ವೆರಿಫೈ’ ಇದನ್ನು ಪರೀಕ್ಷಿಸಿ ಹೇಳುತ್ತದೆ. ಪರೀಕ್ಷೆಯಾದ ಮೂಲ ಇಮೇಜಿಗೆ ‘ರೀಡ್ ಓನ್ಲಿ’ ಗುರುತು ಹಾಕಿ ಬೇರೆ ಕಡೆ ಇಡಿ. ಕೆಲಸವೆಲ್ಲ ನಕಲಿನ ಮೇಲೆಯೇ ನಡೆಯಲಿ.

ದೊಡ್ಡ ಫೈಲ್ ಏಕೆ ಕೂರುವುದಿಲ್ಲ

ಡಿಸ್ಕಿನೊಳಗೆ ಎಫ್‌ಎಸ್‌ಟಿ ಎಂಬ ಒಂದು ಪಟ್ಟಿ ಇರುತ್ತದೆ. ಪ್ರತಿ ಫೈಲಿಗೂ ಅದರಲ್ಲಿ 12 ಬೈಟ್‌ನ ಒಂದು ನಮೂದು: ಹೆಸರು ಎಲ್ಲಿದೆ, ಫೈಲ್ ಯಾವ ವಿಳಾಸದಲ್ಲಿ ಶುರುವಾಗುತ್ತದೆ, ಎಷ್ಟು ಉದ್ದ. ಫೈಲ್‌ಗಳು ಒಂದರ ಬೆನ್ನಿಗೊಂದು ಕೂತಿರುತ್ತವೆ. ಫಾಕ್ಸ್ ಎಂಬ ಪಾತ್ರದ ಮೂಲ ವೇಷದ ಜಾಗದಲ್ಲಿ ಅದಕ್ಕಿಂತ ದೊಡ್ಡ ಫೈಲನ್ನು ಹಾಗೇ ತುರುಕಿದರೆ ಅದು ಪಕ್ಕದ ಫೈಲಿನ ಮೇಲೆ ಹರಿಯುತ್ತದೆ. ಇಮೇಜಿನ ಒಟ್ಟು ಗಾತ್ರ ಒಂದು ಬೈಟೂ ಬದಲಾಗಿರುವುದಿಲ್ಲ, ಆದರೆ ಸಂಬಂಧವೇ ಇಲ್ಲದ ಇನ್ನೊಂದು ವೇಷ ಆರಿಸಿದಾಗ ಆಟ ನಿಲ್ಲುತ್ತದೆ. ಈ ಲಕ್ಷಣ ಕಂಡರೆ ಇಮೇಜನ್ನು ಹೊಸದಾಗಿ ಕಟ್ಟುವುದೊಂದೇ ದಾರಿ.

ಕಟ್ಟಲು ‘ಗೇಮ್‌ಕ್ಯೂಬ್ ರೀಬಿಲ್ಡರ್’ ಎಂಬ ತಂತ್ರಾಂಶ ಸಾಕು. ಕೆಡದ ಮೂಲ ಇಮೇಜಿನ ನಕಲನ್ನು ತೆರೆದು ರೂಟ್ ಫೋಲ್ಡರನ್ನು (ಎಲ್ಲ ಫೈಲ್‌ಗಳಿರುವ ಹೊರ ಫೋಲ್ಡರ್) ಪೂರ್ತಿ ಎಕ್ಸ್‌ಪೋರ್ಟ್ ಮಾಡಿ. ಹೊಸ ಫೈಲಿಗೆ ಹಳೆಯದರ ಹೆಸರನ್ನೇ, ಅದೇ ದೊಡ್ಡಕ್ಷರ ಸಣ್ಣಕ್ಷರಗಳಲ್ಲಿ ಕೊಟ್ಟು ಅದರ ಜಾಗದಲ್ಲಿಡಿ. ನಂತರ ‘ರೂಟ್’ ಮೆನುವಿನಲ್ಲಿ ಆ ಫೋಲ್ಡರ್ ತೆರೆದು, ‘ಸೇವ್’ನಲ್ಲಿ ಹೊಸ ಇಮೇಜಿನ ಹೆಸರು ಕೊಟ್ಟು, ‘ರೀಬಿಲ್ಡ್’ ಒತ್ತಿ. ಹಳೆಯ ಫೈಲಿನ ನಕಲನ್ನು ಅದೇ ಫೋಲ್ಡರಿನಲ್ಲಿ ಬಿಡಬೇಡಿ, ಅದೂ ಒಳಸೇರಿ ಗಾತ್ರ ಉಬ್ಬಬಹುದು. ಡಾಲ್ಫಿನ್‌ನಿಂದ ಹೊರತೆಗೆದ ಫೋಲ್ಡರನ್ನು ಇದಕ್ಕೆ ಕೊಡಲೂಬೇಡಿ. ಎರಡರ ಫೋಲ್ಡರ್ ವ್ಯವಸ್ಥೆ ಬೇರೆ ಬೇರೆ.

ಕಟ್ಟಿದ ಇಮೇಜ್ ಮಿತಿ ಮೀರಿದರೆ

ಡಾಲ್ಫಿನ್ ಸ್ವಲ್ಪ ಹೆಚ್ಚಿನ ಗಾತ್ರವನ್ನು ಸಹಿಸಿಕೊಳ್ಳಬಹುದು. ನಿಜವಾದ ಗೇಮ್‌ಕ್ಯೂಬ್ ಡಿಸ್ಕಿನಲ್ಲಿ 1,45,99,78,240 ಬೈಟ್‌ನಾಚೆ ಜಾಗವೇ ಇಲ್ಲ. ಜಾಗ ಬಿಡಿಸಲು ಸುಲಭದ ಗುರಿ ವಿಡಿಯೊ ಫೈಲ್‌ಗಳು. ಮೆನುವಿನಿಂದ ತೆರೆದರೆ ಮಾತ್ರ ಓಡುವ ‘ಸ್ಪೆಷಲ್ ಮೂವಿ’ಯ ಫೈಲಿಗೆ ಅದೇ ಮಾದರಿಯ ಪುಟ್ಟ ವಿಡಿಯೊ ಇಡಬಹುದು. ಪೂರ್ತಿ ಅಳಿಸಬೇಡಿ, ಆಟ ಹೆಸರು ಹಿಡಿದು ಹುಡುಕಿದಾಗ ಸಿಗದಿದ್ದರೆ ಅಲ್ಲೇ ನಿಲ್ಲುತ್ತದೆ.

ಆದರೆ ನಿಜವಾದ ಮದ್ದು ವೇಷದ ಫೈಲನ್ನೇ ಇಳಿಸುವುದು, ಏಕೆಂದರೆ ಡಿಸ್ಕಿಗಿಂತ ಮೊದಲು ಮೆಮೊರಿ ಕೈಕೊಡುತ್ತದೆ. ಗೇಮ್‌ಕ್ಯೂಬಿನ ಮುಖ್ಯ ಮೆಮೊರಿ ಕೇವಲ 24 ಎಂಬಿ. 512×512 ಅಳತೆಯ ಒಂದು ಟೆಕ್ಸ್ಚರನ್ನು (ಪಾತ್ರದ ಮೈಮೇಲೆ ಹೊದಿಸುವ ಚಿತ್ರ) ಆರ್‌ಜಿಬಿಎ8 ಎಂಬ ಕುಗ್ಗಿಸದ ಮಾದರಿಯಲ್ಲಿಟ್ಟರೆ ಒಂದು ಪಿಕ್ಸೆಲಿಗೆ 4 ಬೈಟ್‌ನಂತೆ 10,48,576 ಬೈಟ್. ಅದೇ ಚಿತ್ರ ಸಿಎಂಪಿಆರ್ ಎಂಬ ಕುಗ್ಗಿಸಿದ ಮಾದರಿಯಲ್ಲಿ 1,31,072 ಬೈಟ್, ಅಂದರೆ ಎಂಟನೇ ಒಂದು ಭಾಗ. ಇಂಥ ಆರು ಟೆಕ್ಸ್ಚರ್ ಇರುವ ವೇಷ 6 ಎಂಬಿ ಬದಲು 768 ಕೆಬಿಯಲ್ಲಿ ಮುಗಿಯುತ್ತದೆ. ಸಿಎಂಪಿಆರ್‌ಗೆ ಅರೆಪಾರದರ್ಶಕತೆ ಬಾರದು, ಕೂದಲಿನ ಅಂಚು ಒರಟಾಗಿ ಕಾಣುತ್ತದೆ. ಅಂಥ ಕಡೆ ಮಾತ್ರ ಪಿಕ್ಸೆಲಿಗೆ 2 ಬೈಟ್ ತಿನ್ನುವ ಆರ್‌ಜಿಬಿ5ಎ3 ಬಳಸಿ. ಹೋರಾಟದಲ್ಲಿ ಪಾತ್ರಗಳು ಪರದೆಯ ಮೇಲೆ ಚಿಕ್ಕದಾಗಿಯೇ ಕಾಣುವುದರಿಂದ ಮುಖ ಬಿಟ್ಟು ಉಳಿದದ್ದಕ್ಕೆ 256×256 ಧಾರಾಳ ಸಾಕು ಎಂಬುದು ನಮ್ಮ ಅಭಿಪ್ರಾಯ.

ವೇಷದ ಫೈಲ್ ಅರ್ಧಕ್ಕೆ ತುಂಡಾಗಿದೆಯೇ ಎಂದು ತಿಳಿಯಲು ಫೈಲಿನ ಬೈಟ್‌ಗಳನ್ನು ಹಾಗೇ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ತೆರೆಯಿರಿ. ಮೊದಲ ನಾಲ್ಕು ಬೈಟ್‌ಗಳಲ್ಲಿ ಫೈಲಿನ ಗಾತ್ರವೇ ಹದಿನಾರರ ಎಣಿಕೆಯಲ್ಲಿ (ಹೆಕ್ಸ್) ಬರೆದಿರುತ್ತದೆ. ಅಲ್ಲಿ 00 10 00 00 ಎಂದಿದ್ದರೆ ಫೈಲ್ 10,48,576 ಬೈಟ್ ಇರಬೇಕು. ಪ್ರಾಪರ್ಟೀಸ್ ಅದಕ್ಕಿಂತ ಕಡಿಮೆ ತೋರಿಸಿದರೆ ಮತ್ತೆ ಡೌನ್‌ಲೋಡ್ ಮಾಡಿ.

ತಪ್ಪು ಇಮೇಜಿನದೋ, ಮಾಡ್‌ನದೋ?

ಡಾಲ್ಫಿನ್‌ನ ಪ್ರಾಪರ್ಟೀಸ್‌ನಲ್ಲಿ ‘ಫೈಲ್‌ಸಿಸ್ಟಮ್’ಗೆ ಹೋಗಿ ಇಡೀ ಡಿಸ್ಕನ್ನು ಫೋಲ್ಡರಿಗೆ ಹೊರತೆಗೆಯಿರಿ. ‘ಫೈಲ್ಸ್’ ಫೋಲ್ಡರಿನಲ್ಲಿ ಹೊಸ ವೇಷ ಇಟ್ಟು, ‘ಸಿಸ್’ ಫೋಲ್ಡರಿನಲ್ಲಿರುವ ಆಟದ ಮುಖ್ಯ ಪ್ರೋಗ್ರಾಂ ‘ಮೇನ್.ಡಾಲ್’ ಅನ್ನು ಡಾಲ್ಫಿನ್‌ನಲ್ಲೇ ತೆರೆಯಿರಿ. ಇಲ್ಲಿ ಇಮೇಜ್ ಕಟ್ಟುವ ಮಾತೇ ಇಲ್ಲ. ವಿಳಾಸಗಳ ಪಟ್ಟಿಯನ್ನು ಡಾಲ್ಫಿನ್ ತಾನೇ ಮಾಡಿಕೊಳ್ಳುತ್ತದೆ. ಫೋಲ್ಡರಿನಿಂದ ಓಡಿ ಐಎಸ್‌ಒದಿಂದ ಓಡದಿದ್ದರೆ ತಪ್ಪು ಕಟ್ಟುವಿಕೆಯದು. ಎರಡೂ ಕಡೆ ನಿಂತರೆ ವೇಷದ ಫೈಲಿನದು. ಮೊದಲು ಇಬ್ಬರು ಆಟಗಾರರೊಂದಿಗೆ ಸರಳ ಸ್ಟೇಜಿನಲ್ಲಿ ಆಡಿ ನೋಡಿ, ಆಮೇಲೆ ನಾಲ್ವರಿಗೂ ಬೇರೆ ಬೇರೆ ಮಾಡ್ ವೇಷ ಕೊಟ್ಟು ಭಾರವಾದ ಸ್ಟೇಜಿನಲ್ಲಿ ಆಡಿಸಿ. ಎರಡನೆಯ ಸಲ ಮಾತ್ರ ನಿಂತರೆ ಮೆಮೊರಿ ಸಾಲದೆ ಹೋಗಿರುವ ಸಾಧ್ಯತೆಯೇ ಹೆಚ್ಚು. ದೊಡ್ಡ ಟೆಕ್ಸ್ಚರ್‌ಗಳಿಂದ ಶುರುಮಾಡಿ ಒಂದೊಂದಾಗಿ ಇಳಿಸುತ್ತ ಬನ್ನಿ.